ಹೊರಸಾಲಿನ ಮೂರನೆಯ ಪಿನ್‌ನಿಂದ ಶುರು ಮಾಡಿ

ಪ್ರಶ್ನೆ: ಮೂವತ್ತರ ಹೊತ್ತಿಗೆ ನನ್ನ ದೃಷ್ಟಿ ಪೂರ್ತಿ ಹೋಯಿತು. ಸ್ಕ್ರೀನ್ ರೀಡರ್ ನೆರವಿನಿಂದ ಪೈಥಾನ್ ಕಲಿತಿದ್ದೇನೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದು ಆರು ತಿಂಗಳಾಯಿತು. ತಪ್ಪು ಪಿನ್‌ಗೆ ತಂತಿ ಸಿಕ್ಕಿಸಿ ಸುಟ್ಟುಬಿಡುತ್ತೇನೆಂಬ ಭಯಕ್ಕೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೇ ಇಲ್ಲ. ಕಣ್ಣು ಕಾಣುವವರು ಪಕ್ಕದಲ್ಲಿಲ್ಲದೆ ಇದು ಆಗುವ ಕೆಲಸವೇ? ಮಾನಿಟರ್ ಬೇಕೇ?

ಉತ್ತರ: ಆಗುವ ಕೆಲಸವೇ. ನಾನೂ ಕಣ್ಣು ಕಾಣದವನು, ಇದನ್ನೇ ದಿನವೂ ಮಾಡುತ್ತೇನೆ. ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈ ಬೋರ್ಡಿನ ಜಿಪಿಐಒ ಪಿನ್‌ಗಳು, ಅಂದರೆ ಪ್ರೋಗ್ರಾಂನಿಂದ ಸಂಕೇತ ಕಳಿಸುವ, ಪಡೆಯುವ ಪಿನ್‌ಗಳು, ತಡೆಯುವುದು 3.3 ವೋಲ್ಟ್ ಮಾತ್ರ. ಪಕ್ಕದ 5 ವೋಲ್ಟ್ ತಾಗಿದರೆ ಆ ಪಿನ್ ಕೆಡಬಹುದು, ಬೋರ್ಡೇ ಕೆಡಬಹುದು. ಆದರೆ ವಿದ್ಯುತ್ ಕೊಡದ ಬೋರ್ಡನ್ನು ಎಷ್ಟು ಹೊತ್ತು ತಡವಿದರೂ ಏನೂ ಆಗದು. ಮೊದಲು ಲೋಹದ ನಲ್ಲಿಯನ್ನೋ ಕೊಳವೆಯನ್ನೋ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡರಾಯಿತು. ನನ್ನದು ಒಂದೇ ಕಟ್ಟುನಿಟ್ಟು: ಕೈ ಬೋರ್ಡಿನ ಮೇಲಿದ್ದಾಗ ವಿದ್ಯುತ್ ಇರಕೂಡದು, ವಿದ್ಯುತ್ ಇದ್ದಾಗ ಕೈ ಇರಕೂಡದು.

ಈಗ ಬೋರ್ಡನ್ನು ಮೇಜಿನ ಮೇಲಿಡಿ. ಒಂದು ತುದಿಯಲ್ಲಿ ದಪ್ಪನೆಯ ಲೋಹದ ಡಬ್ಬಿಗಳು ಸಿಗುತ್ತವೆ. ಅವು ಯುಎಸ್‌ಬಿ ಮತ್ತು ನೆಟ್‌ವರ್ಕ್ ಕಿಂಡಿಗಳು. ಅವನ್ನು ನಿಮ್ಮ ಹೊಟ್ಟೆಯ ಕಡೆಗೆ ತಿರುಗಿಸಿದರೆ ಬಲ ಅಂಚಿನಲ್ಲಿ ಪಿನ್‌ಗಳ ಎರಡು ಸಾಲು ಬರುತ್ತವೆ, ಸಾಲಿಗೆ 20ರಂತೆ ಒಟ್ಟು 40. ಎಣಿಕೆ ಶುರುವಾಗುವುದು ನಿಮ್ಮಿಂದ ದೂರದ ತುದಿಯಿಂದ. ಒಳಸಾಲಿನಲ್ಲಿ ಬೆಸ ಸಂಖ್ಯೆಗಳು, ಅಂಚಿನ ಹೊರಸಾಲಿನಲ್ಲಿ ಸಮ ಸಂಖ್ಯೆಗಳು. ಸದ್ಯಕ್ಕೆ ಹೊರಸಾಲು ಸಾಕು. ಅದರಲ್ಲಿ ಮೊದಲ ಎರಡು ಪಿನ್ 5 ವೋಲ್ಟ್, ಮೂರನೆಯದು ಗ್ರೌಂಡ್ (ವಿದ್ಯುತ್ ಮರಳುವ ಸೊನ್ನೆ ವೋಲ್ಟ್ ಪಿನ್), ಆರನೆಯದು ಜಿಪಿಐಒ 18. ಮೂರು ಮತ್ತು ಆರು, ಇಷ್ಟನ್ನೇ ಬಾಯಿಪಾಠ ಮಾಡಿಕೊಳ್ಳಿ.

ಪಿನ್‌ಗಳ ನಡುವೆ ಇರುವುದು 2.54 ಮಿಲಿಮೀಟರ್. ಬೆರಳಿನ ದಿಂಬು ಒಮ್ಮೆಗೇ ಮೂರು ನಾಲ್ಕರ ಮೇಲೆ ಕೂರುವುದರಿಂದ ಎಣಿಕೆ ಜಾರಿಹೋಗುತ್ತದೆ. ಎಣಿಸುವುದು ಉಗುರಿನ ಕೆಲಸ. ಹೆಬ್ಬೆರಳಿನ ಉಗುರನ್ನು ಮೂಲೆಯಿಂದ ಎಳೆಯುತ್ತ ಬನ್ನಿ, ಪ್ರತಿ ಪಿನ್‌ಗೂ ಒಂದು ಸಣ್ಣ ಟಕ್ ಕೇಳುತ್ತದೆ. ನಾನು ಇನ್ನೂ ಒಂದು ಉಪಾಯ ಮಾಡುತ್ತೇನೆ. ಆ ಎರಡು 5 ವೋಲ್ಟ್ ಪಿನ್‌ಗಳಿಗೆ ಒಳಗೆ ಲೋಹವಿಲ್ಲದ, ಬಿಗಿಯಾದ ಪ್ಲಾಸ್ಟಿಕ್ ಟೋಪಿ ತೊಡಿಸಿಬಿಡುತ್ತೇನೆ. ಅಪಾಯವೂ ಮುಚ್ಚಿತು, ಬೆರಳಿಗೆ ಗುರುತೂ ಸಿಕ್ಕಿತು. ಟೋಪಿಯ ಪಕ್ಕದ್ದೇ ಗ್ರೌಂಡ್, ಅದರ ಮುಂದಿನ ಮೂರನೆಯದು 18. ಪಿನ್‌ಗಳನ್ನು ಜೋಡಿಸುವ ಲೋಹದ ಜಂಪರ್ ಟೋಪಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಒಂದು ಪಿನ್ ಆಚೆಗೆ ಕೂತರೆ 5 ವೋಲ್ಟ್ ನೇರ ಗ್ರೌಂಡ್‌ಗೆ ಹೋಗಿ ಶಾರ್ಟ್ ಆಗುತ್ತದೆ.

ಮೊದಲ ಪ್ರಯೋಗ ಎಲ್‌ಇಡಿ ಬೆಳಗಿಸುವುದು ಎಂದು ಎಲ್ಲ ಪಾಠಗಳೂ ಹೇಳುತ್ತವೆ. ನೀವು ಅದನ್ನು ಬಿಟ್ಟುಬಿಡಿ. ಬೆಳಗಿತೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಬೇಕಾದ ಪ್ರಯೋಗ ನಿಮಗೇಕೆ? 3 ವೋಲ್ಟ್‌ಗೆ ಕೂಗುವ ಪೀಜೋ ಬಜರ್ ತನ್ನಿ. ಒಂದು ಪಿನ್‌ನಿಂದ 16 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ಪೀಜೋ ಬಜರ್‌ಗೆ ಅಷ್ಟೆಲ್ಲ ಬೇಡ, ಸುರುಳಿ ಇರುವ ಮ್ಯಾಗ್ನೆಟಿಕ್ ಬಜರ್‌ಗಳು ಮಿತಿ ಮೀರಬಹುದು. ಪೀಜೋ ಬಜರ್‌ನ ಧನ ಕಾಲನ್ನು 18ಕ್ಕೆ, ಇನ್ನೊಂದನ್ನು ಗ್ರೌಂಡ್‌ಗೆ ಸೇರಿಸಿ. ಪೈಥಾನ್‌ನ ಜಿಪಿಐಒ ಜೀರೋ ಲೈಬ್ರರಿಯಲ್ಲಿ ಬಜರ್‌ಗೆಂದೇ ಸಿದ್ಧ ಕ್ಲಾಸ್ ಇದೆ. ಅದಕ್ಕೆ 18 ಎಂದು ಕೊಡಿ. ಆ ಪಿನ್ ಎರಡೂ ಸಾಲು ಸೇರಿದ ಎಣಿಕೆಯಲ್ಲಿ ಹನ್ನೆರಡನೆಯದು, ಆದರೆ ಲೈಬ್ರರಿಗೆ ಬೇಕಾಗಿರುವುದು ಜಿಪಿಐಒ ಸಂಖ್ಯೆ. ಕಣ್ಣಿರುವವರೂ ಎಡವುವುದು ಇಲ್ಲೇ. ಮೂರೇ ಸಾಲಿನ ಪ್ರೋಗ್ರಾಂ. ಅದು ಮೊದಲ ಸಲ ಬೀಪ್ ಎಂದಾಗ ನಾನು ಅರ್ಧ ಗಂಟೆ ನಿಲ್ಲಿಸದೆ ಕೂಗಿಸಿದ್ದೆ.

ಮಾನಿಟರ್ ಬೇಡ. ಮೆಮೊರಿ ಕಾರ್ಡ್‌ಗೆ ಆಪರೇಟಿಂಗ್ ಸಿಸ್ಟಂ ಬರೆಯುವಾಗಲೇ ಇಮೇಜರ್ ತಂತ್ರಾಂಶದಲ್ಲಿ ವೈಫೈ, ಬಳಕೆದಾರರ ಹೆಸರು, ಬೇರೆ ಕಂಪ್ಯೂಟರ್‌ನಿಂದ ಒಳಹೊಗಿಸುವ ಎಸ್‌ಎಸ್‌ಎಚ್ ಎಲ್ಲವನ್ನೂ ಹೊಂದಿಸಬಹುದು. ಆಮೇಲೆ ನಿಮಗೆ ಒಗ್ಗಿದ ಕಂಪ್ಯೂಟರ್‌ನಿಂದಲೇ ಒಳಹೊಕ್ಕು ಕೆಲಸ ಮಾಡಿ. ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸುವವರಾದರೆ ಸಾಲಿನ ಇಂಡೆಂಟೇಶನ್ ಅನ್ನು ಸ್ವರದಲ್ಲಿ ತಿಳಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ, ಪೈಥಾನ್‌ಗೆ ಅದು ವರದಾನ. ಬೋರ್ಡೇ ಕನ್ನಡದಲ್ಲಿ ಮಾತಾಡಬೇಕೆಂದರೆ ಬರಹವನ್ನು ಓದಿ ಹೇಳುವ ಇಸ್ಪೀಕ್ ಎನ್‌ಜಿ ತಂತ್ರಾಂಶ ಇದೆ. ಉಚ್ಚಾರ ಯಾಂತ್ರಿಕ, ಅರ್ಥ ಮಾತ್ರ ಸ್ಪಷ್ಟ.

ಪ್ರಶ್ನೆ: ವಿದ್ಯುತ್ತಿಗೆ ತಡೆ ಒಡ್ಡುವ ರೆಸಿಸ್ಟರ್‌ನ ಬೆಲೆ ತಿಳಿಸುವ ಬಣ್ಣದ ಪಟ್ಟಿಗಳನ್ನು ಬೆರಳಿನಿಂದ ಗುರುತಿಸುವ ದಾರಿ ಇದೆಯೇ?

ಉತ್ತರ: ಇಲ್ಲ. ಬೆಲೆ ಗೊತ್ತಿದ್ದಾಗಲೇ ಬೇರೆ ಬೇರೆ ಲಕೋಟೆಗೆ ಹಾಕಿ ಬ್ರೈಲ್ ಚೀಟಿ ಅಂಟಿಸಿ. ಟೇಪಿನಿಂದ ಕಿತ್ತು ಒಟ್ಟಿಗೆ ಸುರಿಯಬೇಡಿ. ಬೆರೆತುಹೋದವಕ್ಕೆ ವೋಲ್ಟ್, ತಡೆ ಮುಂತಾದವನ್ನು ಅಳೆದು ಹೇಳುವ ಮಾತಾಡುವ ಮಲ್ಟಿಮೀಟರ್, ಇಲ್ಲವೇ ಅಳತೆಯನ್ನು ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಕಳಿಸುವ ಮೀಟರ್ ಬೇಕು.

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ, ಹುಟ್ಟಿನಿಂದ ದೃಷ್ಟಿಯಿಲ್ಲ. ಬೆಸುಗೆ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬಿಡಬಹುದೇ?

ಉತ್ತರ: ಬಿಡಿ, ಅಮ್ಮ. ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್-ಕೆಟಲ್‌ವೆಲ್ ಸಂಸ್ಥೆ 1980ರ ದಶಕದಲ್ಲೇ ದೃಷ್ಟಿಹೀನ ಎಲೆಕ್ಟ್ರಾನಿಕ್ಸ್ ಆಸಕ್ತರಿಗಾಗಿ ಪತ್ರಿಕೆ ನಡೆಸುತ್ತಿತ್ತು. ನಿಮ್ಮ ಮಗಳ ಹಟ ಹೊಸದೇನಲ್ಲ.

ಮೊದಲ ವಾರ ಐರನ್‌ಗೆ, ಅಂದರೆ ಬೆಸುಗೆ ಕರಗಿಸುವ ಬಿಸಿ ಉಪಕರಣಕ್ಕೆ, ವಿದ್ಯುತ್ ಕೊಡಬೇಡಿ. ತಣ್ಣಗಿರುವಾಗಲೇ ಅದನ್ನು ಭಾರದ ಸ್ಟ್ಯಾಂಡ್‌ನಿಂದ ತೆಗೆದು, ಬೋರ್ಡಿನ ಗುರುತಿಟ್ಟ ಜಾಗಕ್ಕೆ ತಾಗಿಸಿ, ಮತ್ತೆ ಸ್ಟ್ಯಾಂಡ್‌ಗೆ ಸೇರಿಸುವುದನ್ನು ಕೈ ಕಲಿಯಲಿ. ಸ್ಟ್ಯಾಂಡ್ ಮೇಜಿನ ಒಂದೇ ಜಾಗದಲ್ಲಿ ಕಚ್ಚಿ ನಿಂತಿರಬೇಕು, ಅದನ್ನು ಮನೆಯವರು ಯಾರೂ ಸರಿಸಕೂಡದು. ಬಿಸಿ ಮಾಡಿದ ಮೇಲೆ ಬೆಸುಗೆ ತಂತಿಯನ್ನು ಒಂದು ಕೈಯಲ್ಲಿ, ಐರನ್ ಅನ್ನು ಇನ್ನೊಂದರಲ್ಲಿ ಹಿಡಿಯುವ ವಿಧಾನ ನಮಗೆ ಹೊಂದುವುದಿಲ್ಲ. ತೆಳು ಬೆಸುಗೆ ತಂತಿಯನ್ನು ತಣ್ಣಗಿರುವಾಗಲೇ ಬಿಡಿಭಾಗದ ಕಾಲಿಗೆ ಬುಡದಲ್ಲಿ ಎರಡು ಸುತ್ತು ಸುತ್ತಿಡಲಿ. ಎಡಗೈಯ ಮರದ ಕಡ್ಡಿಯ ತುದಿ ಆ ಕಾಲಿಗೆ ಆನಿರಲಿ, ಬಲಗೈಯ ಐರನ್ ಆ ಕಡ್ಡಿಯನ್ನೇ ಹಿಡಿದು ಕೆಳಗಿಳಿಯಲಿ. ಬೆಸುಗೆ ತಂತಿಯೊಳಗಿನ ಫ್ಲಕ್ಸ್ ಎಂಬ ಅಂಟಿನ ಚಿರ್ ಸದ್ದು ಮತ್ತು ವಾಸನೆ ಕರಗಿದ್ದನ್ನು ತಿಳಿಸುತ್ತವೆ. ಎರಡು ಸೆಕೆಂಡ್ ಬಿಟ್ಟು ಎತ್ತಲಿ. ಆರಿದ ಮೇಲೆ ಉಗುರಿನಿಂದ ನೋಡಿದರೆ ಒಳ್ಳೆಯ ಬೆಸುಗೆ ಇಳಿಜಾರಿನ ಪುಟ್ಟ ಗುಡ್ಡದಂತಿರುತ್ತದೆ, ಕೆಟ್ಟದ್ದು ಉಂಡೆ ಕಟ್ಟಿರುತ್ತದೆ. ಎರಡು ತುದಿ ಸೇರಿದ್ದರೆ ಕೂಗುವ ಮಲ್ಟಿಮೀಟರ್‌ನ ಬೀಪ್‌ನಿಂದ ಅಕ್ಕಪಕ್ಕದ ಪಿನ್‌ಗಳು ಒಂದಾಗಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಕಿಟಕಿ ತೆರೆದಿರಲಿ, ಸೀಸವಿಲ್ಲದ ಬೆಸುಗೆಯೇ ಇರಲಿ, ಮುಗಿದ ಮೇಲೆ ಕೈ ತೊಳೆಯಲಿ. ಒಂದೆರಡು ಸಲ ಬೆರಳು ಸುಟ್ಟೀತು. ತಣ್ಣೀರಿನ ಬಟ್ಟಲನ್ನು ಐರನ್‌ನ ಎದುರು ಬದಿಗೆ, ಅವಳ ಎಡಗೈಗೆ ಸಿಗುವಂತೆ ಇಡಿ.