ಊರಿನ ಮನೆಯಲ್ಲೇ ಅಪ್ಪನನ್ನು ನೋಡಿಕೊಳ್ಳಲು ಜನ ಎಲ್ಲಿ ಸಿಗುತ್ತಾರೆ, ದುಡ್ಡು ಹೇಗೆ ಹೊಂದಿಸುವುದು?

ನಿಮ್ಮ ಪ್ರಶ್ನೆ ಓದಿದೆ. ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಅಮ್ಮನಿಗೆ ಮಂಡಿನೋವು. ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ, ಒಂದಿಷ್ಟು ಅಡಿಕೆ ತೋಟ ಇದೆ. ನೀವೂ ತಂಗಿಯೂ ಬೆಂಗಳೂರಲ್ಲಿ, ಅಣ್ಣ ಕೈ ಜೋಡಿಸುತ್ತಿಲ್ಲ. ಮನೆಯಲ್ಲೇ ನೋಡಿಕೊಳ್ಳುವವರನ್ನು ಎಲ್ಲಿ ಹುಡುಕುವುದು, ತಿಂಗಳ ಖರ್ಚು ಹೇಗೆ ನಿಭಾಯಿಸುವುದು ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಅಪ್ಪಯ್ಯ ಹೊಸನಗರ ತಾಲೂಕಿನ ಮನೆಯಲ್ಲಿ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದ್ದಾರೆ.

ಎಲ್ಲರೂ ಹಾಸಿಗೆ ಹಿಡಿದವರಿಂದ ಲೆಕ್ಕ ಶುರು ಮಾಡುತ್ತಾರೆ. ನೀವು ಅಮ್ಮನ ನಿದ್ದೆಯಿಂದ ಶುರು ಮಾಡಿ. ಹಗಲು ಹೇಗೋ ಕಳೆಯುತ್ತದೆ. ಪಕ್ಕದ ಮನೆಯವರು ಬರುತ್ತಾರೆ, ತೋಟದ ಆಳು ಎತ್ತಿ ಕೂರಿಸಲು ಕೈ ಹಾಕುತ್ತಾನೆ. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಏಳುವವರು ಯಾರು? ಅಮ್ಮನೇ ಅಲ್ವಾ? ತಾನಾಗಿ ಮಗ್ಗುಲು ಬದಲಿಸಲು ಆಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಂಡಿನೋವಿನ ಹೆಂಗಸು ತಿಂಗಳುಗಟ್ಟಲೆ ಹೀಗೆ ನಿದ್ದೆಗೆಟ್ಟರೆ ಅವರೂ ಹಾಸಿಗೆ ಹಿಡಿಯುತ್ತಾರೆ. ಕೈಯಲ್ಲಿರುವ ದುಡ್ಡು ಒಬ್ಬರಿಗೆ ಮಾತ್ರ ಸಾಲುತ್ತದೆ ಅಂದರೆ ಮೊದಲು ರಾತ್ರಿಗೆ ಜನ ನೋಡಿ. ಹಗಲಿಡೀ ಇರುವವರಿಗಿಂತ ರಾತ್ರಿ ಮಲಗಲು ಬರುವವರು ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತಾರೆ ಕೂಡ. ಒಬ್ಬರೇ ಇರುವ, ಹಗಲು ತಮ್ಮ ಕೂಲಿ ಕೆಲಸ ಬಿಡಲಾಗದ ಹೆಂಗಸರು ಊರಲ್ಲಿ ಇದ್ದೇ ಇರುತ್ತಾರೆ.

ಆಮೇಲೆ ಹಗಲಿನ ಕೆಲಸವನ್ನು ಎರಡು ಭಾಗ ಮಾಡಿ. ಕೆಥೀಟರ್ (ಮೂತ್ರದ ನಳಿಕೆ) ಬದಲಿಸುವುದು, ಗಾಯಕ್ಕೆ ಡ್ರೆಸಿಂಗ್, ಇಂಜೆಕ್ಷನ್, ಇವೆಲ್ಲ ನರ್ಸ್ ಕೆಲಸ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ನಾಲ್ಕು ಹೆಜ್ಜೆ ನಡೆಸುವುದು ಕಲಿತ ಯಾರಾದರೂ ಮಾಡುವ ಕೆಲಸ. ಮೊದಲನೆಯದು ಅಪರೂಪಕ್ಕೆ ಬೇಕು, ಎರಡನೆಯದು ದಿನಾ ಬೇಕು. ಅಪರೂಪದ ಕೆಲಸಕ್ಕೋಸ್ಕರ ದಿನವಿಡೀ ನರ್ಸ್ ಇಟ್ಟುಕೊಳ್ಳುವುದು ದುಬಾರಿ. ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್ ಅಥವಾ ನಿವೃತ್ತರಾದ ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಒಬ್ಬರನ್ನು ಪರಿಚಯ ಮಾಡಿಕೊಂಡು, ಬಂದಾಗಿನ ಲೆಕ್ಕಕ್ಕೆ ದುಡ್ಡು ಕೊಡುವುದು ಒಳ್ಳೆಯದು.

ಈಗ ಏಜೆನ್ಸಿ ವಿಷಯ. ಶಿವಮೊಗ್ಗದಲ್ಲಿ ಹೋಮ್ ನರ್ಸ್ ಕಳಿಸುವ ಏಜೆನ್ಸಿಗಳಿವೆ. ಹೋಮ್ ನರ್ಸ್ ಅಂತ ಬರುವವರಲ್ಲಿ ಎಲ್ಲರೂ ನರ್ಸಿಂಗ್ ಓದಿದವರಲ್ಲ. ಆಯಾ ಆಗಿದ್ದವರು, ಬೇರೆ ಮನೆಗಳಲ್ಲಿ ನೋಡಿಕೊಂಡು ಕಲಿತವರು ಜಾಸ್ತಿ. ಅದರಲ್ಲಿ ತಪ್ಪಿಲ್ಲ, ಆದರೆ ನರ್ಸ್ ದರ ಕೇಳಿದರೆ ಸರ್ಟಿಫಿಕೇಟ್ ತೋರಿಸಿ ಅನ್ನಿ. ಮೊದಲು ಕಟ್ಟುವ ನೋಂದಣಿ ಹಣ ವಾಪಸ್ ಬರುತ್ತದಾ, ಬಂದವರು ಬಿಟ್ಟುಹೋದರೆ ಎಷ್ಟು ದಿನದಲ್ಲಿ ಬೇರೆಯವರನ್ನು ಕಳಿಸುತ್ತಾರೆ, ನಾವು ಕೊಡುವುದರಲ್ಲಿ ಆಕೆಯ ಕೈಗೆ ಎಷ್ಟು ಹೋಗುತ್ತದೆ, ತಿಂಗಳಿಗೆ ರಜೆ ಎಷ್ಟು, ಇಷ್ಟನ್ನೂ ಮೊದಲೇ ಕೇಳಿ. ಕೈಗೆ ಎಷ್ಟು ಅನ್ನುವುದಂತೂ ಬಹಳ ಮುಖ್ಯ. ಅರ್ಧಂಬರ್ಧ ಸಿಗುವವರು ಉಳಿಯುವುದಿಲ್ಲ.

ನಮ್ಮ ಮನೆಗೆ ಏಜೆನ್ಸಿಯಿಂದ ಬಂದಿದ್ದ ಹುಡುಗಿ ಕೆಲಸದಲ್ಲಿ ಬಹಳ ಚುರುಕು. ಆದರೆ ಬಯಲುಸೀಮೆಯವಳು. ಪುನರ್ವಸು ಮಳೆ ಹಿಡಿದು, ಕರೆಂಟ್ ಹೋಗಿ, ಫೋನಿಗೆ ಸಿಗ್ನಲ್ ಇಲ್ಲದೆ, ತನ್ನ ಮಗುವಿನ ಜೊತೆ ಮಾತಾಡಲೂ ಆಗದೆ ಕೂತಳು. ಎಷ್ಟು ದಿನ ಇರಲು ಸಾಧ್ಯ? ಏಜೆನ್ಸಿಯವರು ಮೊದಲು ಒಪ್ಪಿಕೊಂಡಂತೆ ಬದಲಿ ಜನವನ್ನೂ ಕಳಿಸಲಿಲ್ಲ. ಪೇಟೆ ಮನೆಗಾದರೆ ಏಜೆನ್ಸಿ ಸರಿಯೇ. ನಿಮ್ಮಂಥ ಒಳಗಿನ ಮನೆಗೆ ಊರಿನವರೇ ಬೇಕು ಅಂತ ನನ್ನ ಅಭಿಪ್ರಾಯ.

ಊರಿನವರನ್ನು ಹುಡುಕಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದರು, ಅವರನ್ನು ಕೊನೆತನಕ ಅಸಹ್ಯಪಡದೆ ನೋಡಿಕೊಂಡ ಸೊಸೆ ಯಾರು ಅಂತ ಅವರಿಗೆ ಗೊತ್ತಿರುತ್ತದೆ. ಅಂಥವರೇ ನಿಮಗೆ ಬೇಕಾದವರು. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘದ ವಾರದ ಸಭೆಯಲ್ಲೂ ಒಂದು ಮಾತು ಹಾಕಿಸಿ. ಸಿಕ್ಕವರ ಆಧಾರ್ ಪ್ರತಿ ಇಟ್ಟುಕೊಳ್ಳಿ, ಠಾಣೆಗೂ ತಿಳಿಸಿ. ಊರಿನವರಾದರೂ ಇದು ಇರಲಿ, ಇಬ್ಬರಿಗೂ ಒಳ್ಳೆಯದು.

ಒಂದು ತೊಂದರೆ ಇದೆ. ಅಕ್ಟೋಬರ್ ಬಂತು ಅಂದರೆ ಅಡಿಕೆ ಕೊಯ್ಲು ಶುರು. ಸುಲಿಯಲು ಹೋದರೆ ಅಂದಂದಿನ ಕಾಸು ಕೈಗೆ, ಜೊತೆಗೆ ನಾಲ್ಕು ಜನರ ಮಾತುಕತೆ. ಆಗ ಕಾಯಿಲೆಯವರ ಪಕ್ಕ ಒಬ್ಬರೇ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೆ ಕೆಲಸಕ್ಕೆ ಕರೆಯುವಾಗಲೇ ಕೊಯ್ಲಿನ ತಿಂಗಳುಗಳಲ್ಲಿ ಸಂಬಳ ಎಷ್ಟು ಜಾಸ್ತಿ ಅಂತ ಹೇಳಿಬಿಡಿ. ಅಥವಾ ಇಬ್ಬರಿಗೆ ಹಂಚಿ. ನಮ್ಮಲ್ಲಿ ಬೆಳಿಗ್ಗೆ ಸ್ನಾನ, ತಿಂಡಿಗೆ ಒಬ್ಬರು, ರಾತ್ರಿಗೆ ಇನ್ನೊಬ್ಬರು. ಒಬ್ಬರು ಬಾರದ ದಿನ ಇನ್ನೊಬ್ಬರು ಸುಧಾರಿಸುತ್ತಾರೆ. ಮತ್ತೆ, ನೋಡಿಕೊಳ್ಳಲು ಬಂದವರಿಗೆ ಕೊಟ್ಟಿಗೆ ಬಾಚಲು, ಅಂಗಳ ಗುಡಿಸಲು ಹೇಳಬೇಡಿ. ಅಮ್ಮನಿಗೂ ಇದನ್ನು ಹೇಳಿಡಿ. ಬಂದವರು ಬಿಟ್ಟುಹೋಗುವುದಕ್ಕೆ ಇದೂ ದೊಡ್ಡ ಕಾರಣ.

ಸಿಕ್ಕವರಿಗೆ ಕಲಿಸಬೇಕು. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ತೋರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಫಿಸಿಯೋಥೆರಪಿ ಮಾಡಿಸುವವರ ಎದುರಿಗೇ ಅವರ ಕೈಯಿಂದ ಮಾಡಿಸಿ. ಮಂಚದಿಂದ ಕುರ್ಚಿಗೆ ಕೂರಿಸುವುದನ್ನೇ ನೋಡಿ. ಮನೆಯಲ್ಲಿ ಎಲ್ಲರೂ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಾರೆ. ಸ್ವಾಧೀನ ಇಲ್ಲದ ಕಡೆ ಹಾಗೆ ಎಳೆದರೆ ಭುಜದ ಕೀಲು ಸಡಿಲವಾಗಿ ನೋವು ಶುರುವಾಗುತ್ತದೆ. ಕುರ್ಚಿಯನ್ನು ಅವರ ಬಲಗಡೆಗೆ, ಮಂಚಕ್ಕೆ ತಾಗಿಸಿ ಇಡಬೇಕು. ಎರಡೂ ಪಾದ ನೆಲಕ್ಕೆ ಊರಿಸಬೇಕು. ಸೊಂಟದ ಸುತ್ತ ಒಂದು ದಪ್ಪ ಟವೆಲ್ ಕಟ್ಟಿ, ಅದನ್ನು ಹಿಡಿದು, ಅವರನ್ನು ಮುಂದಕ್ಕೆ ಬಾಗಿಸಿ ಏಳಿಸಬೇಕು. ನಮ್ಮಲ್ಲಿಗೆ ಬರುವ ಅಕ್ಕ ತೆಳ್ಳಗಿನವರು. ಅಪ್ಪಯ್ಯನದು ಭಾರದ ಮೈ. "ಅಪ್ಪಯ್ಯ, ಮೂಗು ಮುಂದೆ ತನ್ನಿ" ಅಂತ ಹೇಳಿ ಒಬ್ಬರೇ ಎಬ್ಬಿಸುತ್ತಾರೆ. ಇನ್ನೊಂದು, ಊಟವನ್ನು ನೆಟ್ಟಗೆ ಕೂರಿಸಿಯೇ ಮಾಡಿಸಬೇಕು. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬಂದರೆ ನುಂಗುವುದರಲ್ಲಿ ತೊಂದರೆ ಇರಬಹುದು, ತಕ್ಷಣ ಡಾಕ್ಟರಿಗೆ ಹೇಳಿ.

ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು, ಆರು ತಿಂಗಳವರೆಗೂ ಚೆನ್ನಾಗಿರುತ್ತದೆ. ಬೇರೆ ಖರ್ಚು ತಡೆದರೂ ಪರವಾಗಿಲ್ಲ, ಈ ಅವಧಿಯಲ್ಲಿ ಫಿಸಿಯೋ ನಿಲ್ಲಿಸಬೇಡಿ.

ಮಳೆಗಾಲಕ್ಕೆ ಮುಂಚೆ ಮನೆಯನ್ನೂ ಸಜ್ಜು ಮಾಡಿ. ಬೆನ್ನು ಹುಣ್ಣಾಗದಿರಲು ಹಾಸುವ ಏರ್ ಬೆಡ್ ಕರೆಂಟಿನಲ್ಲಿ ನಡೆಯುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಎರಡು ದಿನ ಕರೆಂಟ್ ಹೋದಾಗ ಅದು ಬರೀ ರಬ್ಬರ್ ಹಾಸಿಗೆ. ಇನ್ವರ್ಟರ್ ಇದ್ದರೂ ಹೊರಳಿಸುವುದನ್ನು ಬಿಡುವ ಹಾಗಿಲ್ಲ. ಒಂದು ತಿಂಗಳ ಮಾತ್ರೆ, ಡೈಪರ್ ಮೊದಲೇ ತಂದಿಡಿ. 108 ಬರುವುದು ತಡವಾದರೆ ಅಂತ ಊರಲ್ಲಿ ಜೀಪ್, ಓಮ್ನಿ ಇರುವವರ ನಂಬರ್ ಗೋಡೆ ಮೇಲೆ ಬರೆದಿಡಿ.

ಇನ್ನು ದುಡ್ಡು. ಇಡೀ ದಿನ ಮನೆಯಲ್ಲೇ ಇರುವವರಿಗೆ ನಾವು ಏಜೆನ್ಸಿಗೆ ಕೊಡುತ್ತಿದ್ದದ್ದು ತಿಂಗಳಿಗೆ 20 ಸಾವಿರದ ಮೇಲೆ. ಈಗ ಇಬ್ಬರಿಗೂ ಸೇರಿ 16 ಸಾವಿರ. ಡೈಪರ್, ಔಷಧಿ, ಫಿಸಿಯೋ ಬೇರೆ. ಇಷ್ಟು ದುಡ್ಡು ವರ್ಷಕ್ಕೆ ಹೊಂದಿಸುವುದು ತೋಟ ಇರುವವರಿಗೆ ಕಷ್ಟವಾದರೂ ಆಗುತ್ತದೆ. ಆಗದೇ ಇರುವುದು ತಿಂಗಳು ತಿಂಗಳು ಕೊಡುವುದು. ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಸಂಬಳ ಕೊಡಬೇಕಾದ್ದು ಪ್ರತಿ ಒಂದನೇ ತಾರೀಖು. ಅಡಿಕೆ ವ್ಯಾಪಾರದ ಮಂಡಿಯಲ್ಲಿ ಅಡಿಕೆ ಇಟ್ಟು ಮುಂಗಡ ತೆಗೆಯುವುದು ಒಂದು ದಾರಿ, ಬಡ್ಡಿ ಬೀಳುತ್ತದೆ. ಅಡಿಕೆ ಮರಕ್ಕೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಮುಂದಿನ ಫಸಲನ್ನು ನಂಬಿ ಸಾಲ ಮಾಡುವುದು ಬೇಡ.

ಅದಕ್ಕೆ ಅಡಿಕೆ ಮಾರಿದ ದುಡ್ಡೋ, ಹಳೆಯ ಠೇವಣಿಯೋ ಇದ್ದರೆ ಅದನ್ನು ತಿಂಗಳ ಆದಾಯವಾಗಿ ಬದಲಿಸಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಶೇ. 7.4 ಬಡ್ಡಿಯಲ್ಲಿ ತಿಂಗಳಿಗೆ 9,250 ರೂಪಾಯಿ ಬರುತ್ತದೆ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಿಂದ ಒಬ್ಬರಿಗೆ 30 ಲಕ್ಷದವರೆಗೆ ಮಿತಿ. ಶೇ. 8.2ರ ಲೆಕ್ಕದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ದರ ಸರ್ಕಾರ ಬದಲಿಸುತ್ತಿರುತ್ತದೆ, ಹಣ ಇಡುವ ದಿನದ ದರ ಕೇಳಿ. ಎರಡೂ ಐದು ವರ್ಷದ್ದು. ಎಲ್ಲವನ್ನೂ ಒಂದರಲ್ಲೇ ಕಟ್ಟಿಹಾಕಬೇಡಿ, ಆಸ್ಪತ್ರೆಗೆ ಅಂತ ಸ್ವಲ್ಪ ಕೈಗೆ ಸಿಗುವಂತಿರಲಿ.

ಅಪ್ಪನ ಬಲಗೈ ಚೆನ್ನಾಗಿದೆ, ಸಹಿ ಬರುತ್ತದೆ ಅಂದಿದ್ದೀರಿ. ಹಾಗಾದರೆ ಬ್ಯಾಂಕ್ ಖಾತೆಯನ್ನು ಈಗಲೇ ಅಮ್ಮನ ಜೊತೆ ಜಂಟಿ ಮಾಡಿಸಿ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹಾರ ಮಾಡುವಂತೆ ಬರೆಸಿ. ನಾಮಿನಿ ನೋಡಿ. ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ಪತ್ರ) ಸಾಕು ಅಂತ ಹಲವರು ಹೇಳುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನಲ್ಲಿ ಅದು ಮುಂದುವರಿಯುವುದಿಲ್ಲ.

ಆಯುಷ್ಮಾನ್ ಕಾರ್ಡ್ ಆಗಲಿ, ಸಾಮಾನ್ಯ ಆರೋಗ್ಯ ವಿಮೆಯಾಗಲಿ ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ ಕೊಡುವುದಿಲ್ಲ, ಅವು ಆಸ್ಪತ್ರೆ ಖರ್ಚಿಗೆ. ಇದನ್ನು ನಂಬಿ ಕೂರಬೇಡಿ. ಅಮ್ಮ ಮನೆಯ ಯಜಮಾನಿಯಾಗಿ ಅರ್ಹರಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ, ಡೈಪರ್ ಖರ್ಚಿಗಾದರೂ ಆಗುತ್ತದೆ. ಆದಾಯ ತೀರಾ ಕಡಿಮೆ ಇರುವ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತೋಟ ಇರುವ ನಿಮಗೆ ಬಹುಶಃ ಸಿಗುವುದಿಲ್ಲ. ಅಪ್ಪನಿಗೆ ಅಂಗವಿಕಲತೆಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾತ್ರ ಖಂಡಿತ ಮಾಡಿಸಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ಸಹಾಯ ಮಾಡುತ್ತಾರೆ. ನಿಮಗೂ ಅದು ಉಪಯೋಗ. ಅಪ್ಪ ಮುಖ್ಯವಾಗಿ ನಿಮ್ಮ ದುಡ್ಡಿನಲ್ಲೇ ಇರುವುದಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ರಿಯಾಯಿತಿ ಇದೆ (1961ರ ಕಾಯ್ದೆಯಲ್ಲಿ ಅದರ ಸೆಕ್ಷನ್ 80ಡಿಡಿ). ಶೇ. 40 ಅಥವಾ ಹೆಚ್ಚು ಅಂಗವಿಕಲತೆಗೆ 75 ಸಾವಿರ, ಶೇ. 80 ಅಥವಾ ಹೆಚ್ಚಿದ್ದರೆ 1.25 ಲಕ್ಷ ನಿಮ್ಮ ಆದಾಯದಿಂದ ಕಳೆಯಬಹುದು. ಆರೈಕೆಯ ಖರ್ಚೂ ಅದರಲ್ಲಿ ಸೇರುತ್ತದೆ. ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಟ್ಟರೆ ಲೆಕ್ಕ ಉಳಿಯುತ್ತದೆ.

ಅಣ್ಣನ ವಿಷಯ. ಮೊದಲು ಖರ್ಚಿನ ಲೆಕ್ಕ ಬರೆದು ಮೂವರ ವಾಟ್ಸಾಪ್ ಗುಂಪಿಗೆ ತಿಂಗಳು ತಿಂಗಳು ಹಾಕಿ. ದುಡ್ಡು ಕೊಡದಿದ್ದರೆ ಒಂದು ವಾರ ಬಂದು ಇರಲಿ. ಅದೂ ದೊಡ್ಡ ಸಹಾಯವೇ, ಅಮ್ಮ ಆ ವಾರ ನಿದ್ದೆ ಮಾಡುತ್ತಾರೆ. ಯಾವುದೂ ಆಗದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಅಪ್ಪ ಅಥವಾ ಅಮ್ಮ ಶಿವಮೊಗ್ಗದ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತೀರ್ಥಹಳ್ಳಿ ಆ ಉಪವಿಭಾಗಕ್ಕೇ ಸೇರುತ್ತದೆ. ತಿಂಗಳಿಗೆ 10 ಸಾವಿರದವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ತೋಟವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಮಾತು ಬಂದರೆ, ಕೊನೆತನಕ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಇದ್ದರೆ, ನೋಡಿಕೊಳ್ಳದಿದ್ದಾಗ ಅದೇ ಕಾಯ್ದೆಯಡಿ ದಾನಪತ್ರ ರದ್ದು ಮಾಡಿಸಬಹುದು.

ಅಪ್ಪನಿಗೆ ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ನಳಿಕೆ) ಇದೆಯಾ, ರಾತ್ರಿ ಎಷ್ಟು ಸಲ ಏಳುತ್ತಾರೆ ಅಂತ ನೀವು ಬರೆದಿಲ್ಲ. ಟ್ಯೂಬ್ ಇದ್ದರೆ ಮೇಲೆ ಹೇಳಿದ ಊಟದ ಮಾತು ಬದಲಾಗುತ್ತದೆ. ಕಾಮೆಂಟಿನಲ್ಲಿ ತಿಳಿಸಿ, ಅದಕ್ಕೆ ತಕ್ಕಂತೆ ಸೇರಿಸುತ್ತೇನೆ.