ಹನ್ನೆರಡು ಸಿನಿಮಾ ಬೇಡ, ಆ ಲೋಟದ ನೀರು ಸಾಕು

ನಮಸ್ಕಾರ.

ನೀವು ಕಳಿಸಿದ ‘ನಾನು ನೋಡಿದ ಸೈನ್ಸ್ ಫಿಕ್ಷನ್, ಆಕ್ಷನ್ ಸಿನಿಮಾಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಕಡೆ ನನಗೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ನಾನೇನು ವಿಮರ್ಶಕನಲ್ಲ, ಬಿಡುವಾದಾಗ ಸುಮ್ನೆ ನೋಡುವವನು’ ಅಂತ ಶುರು ಮಾಡಿದ್ದೀರಿ. ಅದಕ್ಕೆ ಸಂಕೋಚ ಯಾಕೆ? ಈ ಸಿನಿಮಾಗಳನ್ನು ಮಾಡುವುದೇ ಅಂಥವರಿಗಾಗಿ ಅಲ್ವಾ? ಎರಡನೇ ಪ್ಯಾರಾದಿಂದ ಆ ದನಿ ಮಾಯವಾಗುತ್ತದೆ. ‘ಗ್ರಾಫಿಕ್ಸ್ ಅದ್ಭುತ’, ‘ಸೆಕೆಂಡ್ ಹಾಫ್ ಎಳೆದಿದ್ದಾರೆ’, ‘ಲಾಜಿಕ್ ಇಲ್ಲ’. ಹನ್ನೆರಡು ಸಿನಿಮಾಕ್ಕೂ ಇವೇ ಮಾತು. ಹೆಸರುಗಳನ್ನು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನಾನು ನಿಂತದ್ದು ‘ಜುರಾಸಿಕ್ ಪಾರ್ಕ್’ ಹತ್ತಿರ. ‘ಡೈನೋಸಾರ್ ಬಂದಾಗ ಅಷ್ಟು ಭಯವಾಗಲಿಲ್ಲ, ಲೋಟದ ನೀರು ನಡುಗಿದಾಗ ಆಯಿತು’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಅಲ್ಲೇ ಕೂರಬೇಕಿತ್ತು! ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪ್ಲಾಸ್ಟಿಕ್ ಲೋಟ. ದೂರದಲ್ಲೆಲ್ಲೋ ಧಡ್ ಅನ್ನುವ ಸದ್ದು. ನೀರಿನಲ್ಲಿ ದುಂಡಗೆ ಒಂದು ಅಲೆ ಎದ್ದು ಅಡಗುತ್ತದೆ. ಮತ್ತೆ ಧಡ್. ಪ್ರಾಣಿ ಇನ್ನೂ ಕಂಡೇ ಇಲ್ಲ. ಆ ಅಲೆ ಎಬ್ಬಿಸಲು ಡ್ಯಾಶ್‌ಬೋರ್ಡಿನ ಅಡಿಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದರು.

‘ಎಲ್ಲಾ ಕಂಪ್ಯೂಟರ್ ಮಹಿಮೆ’ ಅಂದಿರುವುದೂ ತಪ್ಪು. 1993ರ ಆ ಸಿನಿಮಾದಲ್ಲಿ ಡೈನೋಸಾರ್‌ಗಳು ಕಾಣುವುದೇ ಸುಮಾರು 15 ನಿಮಿಷ. ಅದರಲ್ಲೂ ಯಂತ್ರದ ಬೊಂಬೆಗಳದ್ದೇ ಜಾಸ್ತಿ. ಮಳೆಯ ದೃಶ್ಯ ತೆಗೆಯುವಾಗ ದೊಡ್ಡ ಬೊಂಬೆಯ ಚರ್ಮ ನೀರು ಹೀರಿ ಭಾರವಾಗಿ, ಬೊಂಬೆಯೇ ಗಡಗಡ ನಡುಗುತ್ತಿತ್ತು. ಬರೆಯುವ ಮುಂಚೆ ಇಷ್ಟನ್ನು ಹುಡುಕಿ ನೋಡಬೇಕು.

‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಬಗ್ಗೆ ‘ಬರೀ ಫೈಟು, ಕಥೆಯೇ ಇಲ್ಲ’ ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ನಾಯಕ ಮ್ಯಾಕ್ಸ್ ಹಾರಿಸಿದ ಗುಂಡು ಗುರಿ ತಪ್ಪುತ್ತದೆ. ಉಳಿದಿರುವುದು ಒಂದೇ ಗುಂಡು. ಬಂದೂಕನ್ನು ಜೊತೆಗಿರುವ ಯೋಧೆ ಫ್ಯೂರಿಯೋಸಾ ಕೈಗೆ ಕೊಟ್ಟು, ತನ್ನ ಹೆಗಲನ್ನೇ ಅದಕ್ಕೆ ಆಸರೆಯಾಗಿ ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಮುಂಚೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು ಇವರು. ಇದು ಕಥೆಯಲ್ಲದೆ ಇನ್ನೇನು? ಅಷ್ಟೊಂದು ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿತ) ಇದ್ದರೂ ಕಣ್ಣು ದಣಿಯಲಿಲ್ಲ ಅಂತ ನೀವೇ ಬರೆದಿದ್ದೀರಿ. ನಿರ್ದೇಶಕ ಜಾರ್ಜ್ ಮಿಲ್ಲರ್ ಮುಖ್ಯವಾದದ್ದನ್ನೆಲ್ಲ ತೆರೆಯ ನಡುವೆಯೇ ಇರುವಂತೆ ಚಿತ್ರೀಕರಿಸಿದ್ದರು. ಕಣ್ಣು ಹುಡುಕಾಡುವ ಪ್ರಮೇಯವೇ ಬರುವುದಿಲ್ಲ. ನೀವು ಸರಿಯಾಗಿಯೇ ಗಮನಿಸಿದ್ದೀರಿ, ಆದರೆ ಯಾಕೆ ಅಂತ ಕೇಳಿಕೊಳ್ಳಲಿಲ್ಲ.

‘ಬಾಹ್ಯಾಕಾಶದಲ್ಲಿ ಸದ್ದು ಕೇಳಿಸಲ್ಲ, ಹಾಗಾಗಿ ಎಲ್ಲಾ ಸುಳ್ಳು’ ಅನ್ನುವ ಪ್ಯಾರಾ ತೆಗೆದುಬಿಡಿ. ಗಾಳಿಯಿಲ್ಲದ ಕಡೆ ಸದ್ದು ಸಾಗದು, ನಿಜ. ಆದರೆ ಅದನ್ನು ಪಾಲಿಸಿದ ಸಿನಿಮಾವೂ ಇದೆ: 1968ರಲ್ಲೇ ನಿರ್ದೇಶಕ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನೌಕೆಯ ಹೊರಗೆ ಗಗನಯಾತ್ರಿಯ ಉಸಿರನ್ನಷ್ಟೇ ಕೇಳಿಸಿದ್ದರು. ನಿಮ್ಮ ಪಟ್ಟಿಯಲ್ಲಿ ಅದೂ ಇದೆ. ಆ ಉಸಿರು ಥಟ್ಟನೆ ನಿಂತಾಗ ನಿಮಗೆ ಏನನ್ನಿಸಿತು? ನನಗೆ ಅದು ಬೇಕು.

ಹನ್ನೆರಡರಲ್ಲಿ ಒಂಬತ್ತನ್ನು ಬಿಡಿ. ಸ್ಟಾರ್ ಕೊಡುವುದೂ ಬೇಡ. ಲೋಟದ ನೀರಿನಿಂದ ಶುರು ಮಾಡಿ. ಆಗ ನಿಮಗೆಷ್ಟು ವಯಸ್ಸು, ಪಕ್ಕದಲ್ಲಿ ಯಾರಿದ್ದರು, ಆಮೇಲೆ ನಿದ್ದೆ ಬಂತಾ, ಎಲ್ಲವನ್ನೂ ಬರೆಯಿರಿ. ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.