ಅವ್ವನ ಮಾತ್ರೆ ಜಾಸ್ತಿ ಮಾಡಿದ್ದು ನಾನು

ಸ್ಟಿರಾಯ್ಡ್ ಬೇಡ, ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನೇ ಸ್ವಲ್ಪ ಜಾಸ್ತಿ ಮಾಡಿ ಅಮ್ಮನ ಮಯಸ್ತೇನಿಯಾ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ನಿಭಾಯಿಸಬಹುದಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ. ಅವ್ವ ಆರು ದಿನ ವೆಂಟಿಲೇಟರ್ ಮೇಲಿದ್ದಳು.

ನಮ್ಮೂರು ಬ್ಯಾಡಗಿ ಹತ್ತಿರ. ಕಾಯಿಲೆ ಮೊದಲು ಕಂಡಿದ್ದು ಊಟದಲ್ಲಿ. ಬೆಳಿಗ್ಗೆ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ರಾತ್ರಿ ಒಂದು ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. "ದವಡಿ ಸೋತು ಬಿಡ್ತೈತೋ ತಮ್ಮಾ" ಅನ್ನುತ್ತಿದ್ದಳು. ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು. ಮಾತು ಮೂಗಿನಲ್ಲಿ ಬರುತ್ತಿತ್ತು. ಓಣಿಯವರು ತಲೆಗೆ ಏನೋ ಆಗಿದೆ ಅಂದರು. ತಲೆಗೆ ಏನೂ ಆಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ನರರೋಗದ ಡಾಕ್ಟರು ರಕ್ತ ಪರೀಕ್ಷೆ, ನರಕ್ಕೆ ಕರೆಂಟ್ ಕೊಟ್ಟು ನೋಡುವ ಪರೀಕ್ಷೆ ಎರಡನ್ನೂ ಮಾಡಿಸಿ ಹೆಸರು ಹೇಳಿದರು. ಚೀಟಿಯಲ್ಲಿ ಎರಡು ಔಷಧ ಇದ್ದವು. ದಿನಕ್ಕೆ ನಾಲ್ಕು ಪಿರಿಡೋಸ್ಟಿಗ್ಮಿನ್, ಜೊತೆಗೆ ಸ್ಟಿರಾಯ್ಡ್. ಮುಂದಿನ ತಿಂಗಳು ತಂಗಿಯ ಮದುವೆ ಇತ್ತು. ಸ್ಟಿರಾಯ್ಡ್ ತಿಂದರೆ ಮುಖ ಊದುತ್ತೆ, ಶುಗರ್ ಬರುತ್ತೆ ಅಂತ ಯಾರೋ ಹೇಳಿದರು. ನಾನು ಆ ಮಾತ್ರೆಯನ್ನು ಕಪಾಟಿನಲ್ಲಿಟ್ಟೆ.

ಪಿರಿಡೋಸ್ಟಿಗ್ಮಿನ್ ಕೊಟ್ಟ ಅರ್ಧ, ಮುಕ್ಕಾಲು ತಾಸಿಗೆ ಕಣ್ಣೆದುರೇ ರೆಪ್ಪೆ ಮೇಲೇಳುತ್ತಿತ್ತು. ಮೂರ್ನಾಲ್ಕು ತಾಸಿಗೆ ಮತ್ತೆ ಇಳಿಯುತ್ತಿತ್ತು. ನೋಡಿದವರಿಗೆ ಇದೇ ನಿಜವಾದ ಔಷಧ ಅನ್ನಿಸುತ್ತೆ, ಅಲ್ವಾ? ನಾನು ತಪ್ಪಿದ್ದು ಅಲ್ಲೇ. ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರಿನ ಸಂದು ಇರುತ್ತೆ. ನರದ ತುದಿಯೊಳಗೆ ಪೊರೆಯ ಪುಟ್ಟ ಚೀಲಗಳು, ಒಂದೊಂದರಲ್ಲೂ ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಸಾವಿರಾರು ಅಣುಗಳು. ಮಿದುಳಿನ ಆಜ್ಞೆ ಬಂದಾಗ ಚೀಲದ ಪೊರೆ ನರದ ಪೊರೆಗೆ ಕೂಡಿಕೊಂಡು ಒಡೆಯುತ್ತೆ, ಒಳಗಿದ್ದದ್ದು ಸಂದಿಗೆ ಸುರಿಯುತ್ತೆ. ಆಚೆ ಸ್ನಾಯುವಿನ ಪೊರೆಯ ಮೇಲೆ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಅಸಿಟೈಲ್‌ಕೋಲಿನ್ ತಾಗಿದರೆ ಅವು ತೆರೆದುಕೊಳ್ಳುತ್ತವೆ, ಸೋಡಿಯಂ ಒಳನುಗ್ಗುತ್ತೆ, ಸ್ನಾಯು ಬಿಗಿಯುತ್ತೆ. ಕೂಡಲೇ ಒಂದು ಕಿಣ್ವ ಬಂದು ಅಸಿಟೈಲ್‌ಕೋಲಿನ್ನನ್ನು ಒಡೆದು ಹಾಕುತ್ತೆ.

ಮಯಸ್ತೇನಿಯಾದಲ್ಲಿ ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ತದ ಆಂಟಿಬಾಡಿಗಳು, ಹೆಚ್ಚಿನವರಲ್ಲಿ, ಆ ರಿಸೆಪ್ಟರುಗಳನ್ನೇ ಹಾಳು ಮಾಡುತ್ತವೆ. ಅವು ಕೂತಿದ್ದ ಪೊರೆಯ ಮಡಿಕೆಗಳೂ ಸವೆಯುತ್ತವೆ. ಮಿದುಳಿನಲ್ಲೂ ಅಸಿಟೈಲ್‌ಕೋಲಿನ್ ಇದೆ, ಆದರೆ ಅಲ್ಲಿನ ರಿಸೆಪ್ಟರಿನ ರಚನೆ ಬೇರೆ. ಅದಕ್ಕೇ ಅವ್ವನ ತಲೆ ಚುರುಕಾಗಿಯೇ ಇತ್ತು.

ಪಿರಿಡೋಸ್ಟಿಗ್ಮಿನ್ ತಡೆಯುವುದು ಆ ಕಿಣ್ವವನ್ನು, ಅಷ್ಟೇ. ಅಸಿಟೈಲ್‌ಕೋಲಿನ್ ಸಂದಿನಲ್ಲಿ ಇನ್ನಷ್ಟು ಹೊತ್ತು ಉಳಿದು, ಉಳಿದಿರುವ ರಿಸೆಪ್ಟರುಗಳನ್ನು ಮತ್ತೆ ಮತ್ತೆ ತಟ್ಟುತ್ತೆ. ಹೊಸದಾಗಿ ಒಂದು ರಿಸೆಪ್ಟರನ್ನೂ ಅದು ಕೊಡುವುದಿಲ್ಲ, ಒಂದು ಆಂಟಿಬಾಡಿಯನ್ನೂ ನಿಲ್ಲಿಸುವುದಿಲ್ಲ. ಒಳಗೆ ಕಾಯಿಲೆ ಬೆಳೆಯುತ್ತಿತ್ತು, ನಾನು ರೆಪ್ಪೆ ನೋಡಿ ಮಾತ್ರೆ ಏರಿಸುತ್ತಿದ್ದೆ. ನಾಲ್ಕು ಆರಾಯಿತು, ಆರು ಹತ್ತಾಯಿತು. ಮದುವೆಯ ಹಿಂದಿನ ದಿನ ಹದಿನಾಲ್ಕು.

ಅವತ್ತು ಸಂಜೆ ಅವ್ವನಿಗೆ ಜೊಲ್ಲು ನಿಲ್ಲಲಿಲ್ಲ. ಬೆವರು, ಹೊಟ್ಟೆ ನುಲಿತ, ಭೇದಿ. ತೋಳಿನ ಮಾಂಸ ತಾನಾಗೇ ಅದುರುತ್ತಿತ್ತು. ಕತ್ತು ನಿಲ್ಲುತ್ತಿರಲಿಲ್ಲ. ಶಕ್ತಿ ಸಾಲದೆ ಹೀಗಾಗಿದೆ ಅಂದುಕೊಂಡು ನಾನು ಇನ್ನೊಂದು ಮಾತ್ರೆ ಕೊಟ್ಟೆ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಉಸಿರು ಎಳೆಯುತ್ತಿದ್ದಳು.

ಐ.ಸಿ.ಯು. ಹೊರಗೆ ಡಾಕ್ಟರು ಕೇಳಿದರು, "ಮೆಣಸಿನಕಾಯಿ ಹೊಲಕ್ಕ ಏನು ಹೊಡೀತೀರಿ?" ಮೊನೊಕ್ರೊಟೊಫಾಸ್ ಕೀಟನಾಶಕ ಅಂದೆ. "ಅದೂ ಇದೇ ಕಿಣ್ವಾನ ಹಿಡಿಯೋದು. ಅದು ಹಿಡಿದ್ರ ಬಿಡಂಗಿಲ್ಲ, ಈ ಮಾತ್ರಿ ಬಿಡ್ತೈತಿ. ಅಷ್ಟೇ ವ್ಯತ್ಯಾಸ." ಅಸಿಟೈಲ್‌ಕೋಲಿನ್ ಅತಿಯಾಗಿ ನಿಂತರೆ ರಿಸೆಪ್ಟರುಗಳು ಸ್ಪಂದಿಸುವುದನ್ನೇ ಬಿಡುತ್ತವೆ, ಸ್ನಾಯು ಇನ್ನೂ ಸೋಲುತ್ತೆ. ಕಾಯಿಲೆ ಜಾಸ್ತಿಯಾದರೂ ಸುಸ್ತು, ಮಾತ್ರೆ ಜಾಸ್ತಿಯಾದರೂ ಸುಸ್ತು. ಮನೆಯಲ್ಲಿ ಕೂತು ಯಾವುದು ಯಾವುದಕ್ಕೆ ಅಂತ ನೀವು ಹೇಳಲಾರಿರಿ. ನನಗಂತೂ ಆಗಲಿಲ್ಲ. ಅವ್ವ ಮದುವೆ ನೋಡಲಿಲ್ಲ.

ಹಾಗಾಗಿ "ಇದೋ ಅದೋ" ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಅವು ಎರಡೂ ಬೇರೆ ಬೇರೆ ಕೆಲಸದವು. ಪಿರಿಡೋಸ್ಟಿಗ್ಮಿನ್ ಜಾತಿಯ ಮದ್ದು ಈ ಕಾಯಿಲೆಗೆ ಕೆಲಸ ಮಾಡುತ್ತೆ ಅಂತ ಮೇರಿ ವಾಕರ್ ಎಂಬ ಡಾಕ್ಟರ್ ಇಂಗ್ಲೆಂಡಿನಲ್ಲಿ 1934ರಲ್ಲೇ ತೋರಿಸಿದ್ದರು. ಆಗ ಕಾರಣ ಗೊತ್ತಿರಲಿಲ್ಲ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಲೆಕ್ಟ್ರಿಕ್ ಈಲ್ ಮೀನಿನ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದಾಗ ಮೊಲಗಳಿಗೂ ಇದೇ ಥರದ ಸೋಲು ಬಂತು. ಹಾಳು ಮಾಡುವುದು ಆಂಟಿಬಾಡಿ ಅನ್ನುವುದಕ್ಕೆ ಆಗ ಬಲ ಬಂತು. ಸ್ಟಿರಾಯ್ಡ್ ತಗ್ಗಿಸುವುದು ಆ ದಾಳಿಯನ್ನು.

ಸ್ಟಿರಾಯ್ಡ್ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. ಶುಗರ್ ಏರುತ್ತೆ, ಮೂಳೆ ಸವೆಯುತ್ತೆ. ಮೊದಲ ಒಂದೆರಡು ವಾರ ಸುಸ್ತು ಹೆಚ್ಚಾಗಲೂಬಹುದು, ಅದನ್ನು ಡಾಕ್ಟರಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಒಮ್ಮೆಲೇ ನಿಲ್ಲಿಸಬೇಡಿ. ಅವ್ವನಿಗೆ ಆ ದಾಳಿಯನ್ನೇ ತಗ್ಗಿಸುವ ಅಜಾಥಯೋಪ್ರಿನ್ ಎಂಬ ಇನ್ನೊಂದು ಮಾತ್ರೆ ಸೇರಿಸಿ ನಿಧಾನಕ್ಕೆ ಸ್ಟಿರಾಯ್ಡ್ ಇಳಿಸಿದರು. ಎದೆಯ ಸಿ.ಟಿ. ಆಗಿಲ್ಲದಿದ್ದರೆ ಕೇಳಿ, ಈ ಕಾಯಿಲೆಗೆ ನಂಟಿರುವ, ಎದೆಯೊಳಗಿನ ಥೈಮಸ್ ಗ್ರಂಥಿ ನೋಡಬೇಕು. ಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಮಾತ್ರೆ ತರಬೇಡಿ. ಸಿಪ್ರೊಫ್ಲಾಕ್ಸಸಿನ್, ಅಜಿಥ್ರೊಮೈಸಿನ್‌ನಂಥವು ಈ ಕಾಯಿಲೆಯನ್ನು ಕೆರಳಿಸಬಹುದು.

ಇನ್ನೊಂದು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಅಂತ ದಿನಾ ಬರೆದಿಡಿ. ಇಳಿಯುತ್ತಾ ಬಂದರೆ ಮಾತ್ರೆ ಡಬ್ಬಿ ಮುಟ್ಟದೆ ಆಸ್ಪತ್ರೆಗೆ ಹೊರಡಿ. ಆಸ್ಪತ್ರೆಯಿಂದ ಬಂದ ವಾರ ಅವ್ವ ಹದಿನೆಂಟಕ್ಕೆ ನಿಲ್ಲುತ್ತಿದ್ದಳು. ನಿನ್ನೆ ರಾತ್ರಿ ರೊಟ್ಟಿ ಉಂಡ ಮೇಲೆ ನಲವತ್ತೆರಡು ಎಣಿಸಿದಳು.